ಮೋಡ ಕೊಟ್ಟ ಸಾಕ್ಷ್ಯ: ಭೂಭ್ರಮಣ ಮತ್ತು ಪ್ರಮಾಣವಿಚಾರ

ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ ಎಂಬುದನ್ನು ಇಂದು ಒಪ್ಪದವರು ವಿರಳ. ಆದರೆ ಒಪ್ಪಿದವರು ಯಾವ ಪ್ರಮಾಣದ, ಎಂದರೆ ಅರಿವಿನ ಯಾವ ಆಧಾರದ, ಬಲದಿಂದ ಒಪ್ಪಿದ್ದಾರೆ ಎಂದು ವಿಚಾರಿಸಿದರೆ, ಪುಸ್ತಕದಲ್ಲಿ ಓದಿದ್ದರಿಂದ, ಶಾಲೆಯಲ್ಲಿ ಕೇಳಿದ್ದರಿಂದ ಎಂಬ ಉತ್ತರವೇ ಹೆಚ್ಚಾಗಿ ದೊರೆಯುತ್ತದೆ. ಭಾರತೀಯ ದರ್ಶನಗಳ ಪರಿಭಾಷೆಯಲ್ಲಿ ಇದು ಶಬ್ದಪ್ರಮಾಣ, ಎಂದರೆ ನಂಬಿಕೆಗೆ ಅರ್ಹರಾದವರ ಮಾತಿನಿಂದ ಬಂದ ಅರಿವು. ಅದು ಕೀಳಾದ ಪ್ರಮಾಣವೇನೂ ಅಲ್ಲ. ಮನುಷ್ಯನ ತಿಳಿವಳಿಕೆಯ ಬಹುಪಾಲು ಅದರಿಂದಲೇ ಬಂದದ್ದು. ಆದರೆ ಈ ವಿಷಯದಲ್ಲಿ ಒಂದು ತೊಡಕಿದೆ. ಕಣ್ಣಿಗೆ ನೆಲ ನಿಂತೇ ಕಾಣುತ್ತದೆ, ಸೂರ್ಯನೇ ಮೂಡಣದಲ್ಲಿ ಏರಿ ಪಡುವಣದಲ್ಲಿ ಇಳಿಯುತ್ತಾನೆ. ಇಂದ್ರಿಯಗಳಿಂದ ನೇರವಾಗಿ ಬರುವ ಅರಿವಾದ ಪ್ರತ್ಯಕ್ಷ ಒಂದು ಬಗೆಯಾಗಿ ಹೇಳುತ್ತಿರುವಾಗ ಅದಕ್ಕೆ ಎದುರಾದ ಮಾತನ್ನು ಒಪ್ಪಿದರೆ ಪ್ರತ್ಯಕ್ಷವನ್ನೇ ಸುಳ್ಳೆಂದಂತೆ ಆಗುತ್ತದೆಯೇ, ಹಾಗೆ ಒಮ್ಮೆ ಸುಳ್ಳೆಂದ ಮೇಲೆ ಕಂಡದ್ದನ್ನೆಲ್ಲ ಬರಿಯ ತೋರಿಕೆ ಎನ್ನುವುದಕ್ಕೆ ತಡೆ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಹೀಗೆ ಖಗೋಳದ ಪ್ರಶ್ನೆಯಾಗಿ ಹೊರಟದ್ದು, ಅರಿವು ಯಾವುದನ್ನು ಆಧರಿಸಿ ನಿಲ್ಲುತ್ತದೆ ಎಂಬ ದರ್ಶನದ ಪ್ರಶ್ನೆಯಾಗಿಬಿಡುತ್ತದೆ.

ಇದನ್ನು ಬಿಡಿಸಿ ನೋಡುವುದಕ್ಕೆ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆ, ಅದರಲ್ಲೂ ಖಾದಿಗೆ ಹೆಸರಾದ ತಗಡೂರಿನ ಸುತ್ತಣ ಬಯಲು, ತಕ್ಕ ಸ್ಥಳವಾಗಿದೆ. ಈ ಬಯಲಿನ ಬದುಕು ಅರಬ್ಬೀ ಸಮುದ್ರದ ಕಡೆಯಿಂದ ಬೀಸುವ ಮುಂಗಾರು ಗಾಳಿಯನ್ನು ನೆಚ್ಚಿಕೊಂಡಿದೆ. ಆ ಗಾಳಿ ಆ ದಿಕ್ಕಿನಿಂದಲೇ ಬೀಸುವುದಕ್ಕೆ ಭೂಮಿಯ ತಿರುಗುವಿಕೆಯೇ ಕಾರಣ. ಇದೇ ಸೀಮೆಯ ತಲಕಾಡು ಗಂಗರ ರಾಜಧಾನಿಯಾಗಿದ್ದು ಜೈನ ತತ್ತ್ವಚಿಂತನೆಗೆ ಆಶ್ರಯ ಕೊಟ್ಟ ಊರು. ಇದೇ ಸೀಮೆಯ ಬನ್ನೂರು, ಪ್ರತ್ಯಕ್ಷಪ್ರಮಾಣದ ಪರವಾಗಿ ಬಿಗಿಯಾದ ವಾದ ಹೂಡಿದ ವ್ಯಾಸತೀರ್ಥರ ಹುಟ್ಟೂರು. ಗಾಳಿಯೂ ತರ್ಕವೂ ಒಂದೇ ನೆಲದಲ್ಲಿ ಸಿಕ್ಕುವ ಇಂಥ ಅನುಕೂಲ ಎಲ್ಲೆಡೆಯೂ ಇರುವುದಿಲ್ಲ.

ಭೂಭ್ರಮಣದ ವಾದವನ್ನು ಭಾರತದಲ್ಲಿ ಸ್ಪಷ್ಟವಾಗಿ ಮುಂದಿಟ್ಟವನು ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟ. ಒಂದು ಪ್ರಾಣದಷ್ಟು ಹೊತ್ತಿನಲ್ಲಿ ಭೂಮಿ ಒಂದು ಕಲೆಯಷ್ಟು ತಿರುಗುತ್ತದೆ ಎಂಬುದು ‘ಆರ್ಯಭಟೀಯ’ದ ಹೇಳಿಕೆ. ಪ್ರಾಣವೆಂದರೆ ಒಂದು ಉಸಿರಾಟದ ಕಾಲ, ಇಂದಿನ ಲೆಕ್ಕದಲ್ಲಿ ನಾಲ್ಕು ಸೆಕೆಂಡು. ಕಲೆಯೆಂದರೆ ವೃತ್ತದ 21,600 ಭಾಗಗಳಲ್ಲಿ ಒಂದು. ಒಂದು ಮಹಾಯುಗದಲ್ಲಿ ಭೂಮಿ ಎಷ್ಟು ಸುತ್ತು ತಿರುಗುತ್ತದೆ ಎಂದು ಆತ ಕೊಟ್ಟಿರುವ ಸಂಖ್ಯೆಯಿಂದ ಲೆಕ್ಕ ಹಾಕಿದರೆ, ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ಅಳೆದ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು ಬರುತ್ತದೆ. ಇಂದಿನ ಅಳತೆಯೂ ಅದೇ. ತನ್ನ ಮಾತಿಗೆ ಆತ ಕೊಟ್ಟ ದೃಷ್ಟಾಂತ ದೋಣಿಯದು: ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ನಿಂತ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುವ ಹಾಗೆ, ನೆಲದ ಮೇಲಿರುವವನಿಗೆ ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ. ಕಪಿಲೆ ಕಾವೇರಿಯನ್ನು ಕೂಡುವ ನರಸೀಪುರದ ಸಂಗಮದಲ್ಲಿ ಹರಿಗೋಲು ಹತ್ತಿದವರಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಡದ ಗುಡಿಗೋಪುರಗಳು ನಿಧಾನವಾಗಿ ಜಾರುವುದನ್ನು ಅವರು ಕಂಡೇ ಇರುತ್ತಾರೆ.

ಆದರೆ ದೃಷ್ಟಾಂತಕ್ಕೆ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ದೋಣಿ ಚಲಿಸುತ್ತಿದ್ದರೆ ದಡ ಹೀಗೆ ಕಾಣುತ್ತದೆ ಎಂಬುದು ಸರಿ. ದಡವೇ ಚಲಿಸುತ್ತಿದ್ದರೂ ಹಾಗೆಯೇ ಕಾಣುತ್ತದೆ. ಎರಡರಲ್ಲಿ ಯಾವುದು ನಿಜ ಎಂಬುದನ್ನು ದೃಷ್ಟಾಂತ ತೀರ್ಮಾನಿಸುವುದಿಲ್ಲ, ಎರಡಕ್ಕೂ ತೋರಿಕೆ ಒಂದೇ ಎಂದಷ್ಟೇ ತಿಳಿಸುತ್ತದೆ. ಆರ್ಯಭಟನ ನಂತರದವರು ಇದನ್ನು ಹಿಡಿದು ಕೇಳಿದ್ದು ನ್ಯಾಯವಾಗಿಯೇ ಇತ್ತು. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹಕ್ಕಿ ಗೂಡಿಗೆ ಮರಳುವುದು ಹೇಗೆ, ಧ್ವಜಗಳು ಸದಾ ಪಶ್ಚಿಮಕ್ಕೇ ಹಾರಬೇಕಲ್ಲವೇ ಎಂದು ಆರನೆಯ ಶತಮಾನದ ವರಾಹಮಿಹಿರ ಆಕ್ಷೇಪಿಸಿದ. ಎತ್ತರದ ವಸ್ತುಗಳು ಏಕೆ ಉರುಳಿ ಬೀಳುವುದಿಲ್ಲ ಎಂದು 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಬ್ರಹ್ಮಗುಪ್ತ ಪ್ರಶ್ನಿಸಿದ. ಎಂಟನೆಯ ಶತಮಾನದ ಲಲ್ಲ ‘ಶಿಷ್ಯಧೀವೃದ್ಧಿದ’ದಲ್ಲಿ ಇನ್ನೂ ಎರಡು ಸಾಕ್ಷ್ಯಗಳನ್ನು ತಂದ: ಮೇಲಕ್ಕೆ ಬಿಟ್ಟ ಬಾಣ ಪಶ್ಚಿಮಕ್ಕೆ ಬೀಳಬೇಕಾಗಿತ್ತು, ಮೋಡಗಳು ಪಶ್ಚಿಮಕ್ಕೆ ಮಾತ್ರ ಚಲಿಸಬೇಕಾಗಿತ್ತು, ಹಾಗೆ ಆಗುತ್ತಿಲ್ಲವಾದ್ದರಿಂದ ಭೂಮಿ ನಿಂತಿದೆ. ಒಂಬತ್ತನೆಯ ಶತಮಾನದ ಪೃಥೂದಕಸ್ವಾಮಿಯಂಥ ಒಬ್ಬಿಬ್ಬರು ಆರ್ಯಭಟನ ಪಕ್ಷ ವಹಿಸಿದರೂ, ಅವನ ಗ್ರಂಥಕ್ಕೆ ವ್ಯಾಖ್ಯಾನ ಬರೆದವರಲ್ಲೇ ಹಲವರು ಅವನ ಮಾತನ್ನು ಬೇರೆ ಬಗೆಯಾಗಿ ಅರ್ಥೈಸಿದರು. ಭೂಮಿ ತಿರುಗುತ್ತದೆ ಎಂದಿದ್ದ ಪಾಠವನ್ನು ನಕ್ಷತ್ರಮಂಡಲ ತಿರುಗುತ್ತದೆ ಎಂದು ತಿದ್ದಿದ್ದೂ ನಡೆಯಿತು. ಆಕ್ಷೇಪ ಎತ್ತಿದ್ದು ಶಾಸ್ತ್ರಕ್ಕೆ ಉಪಕಾರ ಮಾಡಿತು. ಪಾಠ ತಿದ್ದಿದ್ದು ಶಾಸ್ತ್ರಕ್ಕೆ ಮಾಡಿದ ಅಪಚಾರ.

ಲಲ್ಲನ ಬಾಣವನ್ನು ಮೊದಲು ತೆಗೆದುಕೊಳ್ಳಬಹುದು. ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಂಜನಗೂಡು, ಭೂಮಿಯ ತಿರುಗುವಿಕೆಯಿಂದಾಗಿ ಸೆಕೆಂಡಿಗೆ ಸುಮಾರು 455 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ 1,600 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಶ್ರೀಕಂಠೇಶ್ವರನ ಗುಡಿಯ 120 ಅಡಿ ಗೋಪುರದಷ್ಟು ಎತ್ತರಕ್ಕೆ ಹೋಗಿ ಬರುವಂತೆ ಬಾಣವೊಂದನ್ನು ನೇರವಾಗಿ ಮೇಲಕ್ಕೆ ಬಿಟ್ಟರೆ, ಅದು ನೆಲಕ್ಕೆ ಮರಳುವುದಕ್ಕೆ ಸುಮಾರು ಐದೂವರೆ ಸೆಕೆಂಡು ಹಿಡಿಯುತ್ತದೆ. ಲಲ್ಲ ಊಹಿಸಿದಂತೆ ಬಾಣ ಬಿಲ್ಲನ್ನು ಬಿಟ್ಟೊಡನೆ ಭೂಮಿಯ ಚಲನೆಯನ್ನೂ ತೊರೆಯುವುದಾಗಿದ್ದರೆ ಅದು ಎರಡೂವರೆ ಕಿಲೋಮೀಟರ್ ಪಶ್ಚಿಮಕ್ಕೆ ಬೀಳಬೇಕಾಗಿತ್ತು. ಹಾಗೆ ಆಗುವುದಿಲ್ಲ, ಏಕೆಂದರೆ ಬಿಲ್ಲಿನಲ್ಲಿದ್ದಾಗಲೇ ಬಾಣಕ್ಕೆ ಭೂಮಿಯ ಪೂರ್ವಾಭಿಮುಖ ವೇಗ ಕೂಡಿರುತ್ತದೆ. ಹೊರಗಿನ ಬಲ ತಡೆಯುವವರೆಗೆ ವಸ್ತು ತನ್ನ ಚಲನೆಯನ್ನು ಬಿಡದಿರುವ ಈ ಗುಣಕ್ಕೆ ಜಡತ್ವ ಎಂದು ಹೆಸರು. ಹಕ್ಕಿಗೂ ಧ್ವಜಕ್ಕೂ ಇದೇ ಉತ್ತರ.

ಆದರೆ ಇಲ್ಲಿಗೆ ಮಾತು ಮುಗಿಯುವುದಿಲ್ಲ. ಗಾಳಿಯ ತಡೆಯನ್ನು ಬಿಟ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದರೆ ಆ ಬಾಣ ಬಿಟ್ಟ ಜಾಗಕ್ಕೇ ಮರಳುವುದಿಲ್ಲ, ಸುಮಾರು ಎರಡು ಸೆಂಟಿಮೀಟರ್ ಪಶ್ಚಿಮಕ್ಕೆ ಬೀಳುತ್ತದೆ. ಅದೇ ಗೋಪುರದ ತುದಿಯಿಂದ ಕಲ್ಲೊಂದನ್ನು ಸುಮ್ಮನೆ ಕೈಬಿಟ್ಟರೆ ಅದು ಸುಮಾರು ಐದು ಮಿಲಿಮೀಟರ್ ಪೂರ್ವಕ್ಕೆ ಬೀಳುತ್ತದೆ, ಏಕೆಂದರೆ ಗೋಪುರದ ತುದಿ ಭೂಮಿಯ ಅಕ್ಷದಿಂದ ಬುಡಕ್ಕಿಂತ ತುಸು ದೂರವಿದ್ದು ತುಸು ಹೆಚ್ಚು ವೇಗದಲ್ಲಿ ಸಾಗುತ್ತಿರುತ್ತದೆ, ಕಲ್ಲು ಆ ಹೆಚ್ಚಿನ ವೇಗವನ್ನು ಹೊತ್ತುಕೊಂಡೇ ಇಳಿಯುತ್ತದೆ. 1831ರಲ್ಲಿ ಫರ್ಡಿನಾಂಡ್ ರೈಖ್ ಎಂಬ ವಿಜ್ಞಾನಿ ಜರ್ಮನಿಯ ಫ್ರೈಬರ್ಗ್‌ನ ಗಣಿಯಲ್ಲಿ 158 ಮೀಟರ್ ಆಳಕ್ಕೆ ಗುಂಡುಗಳನ್ನು ಬಿಟ್ಟು, ಅವು ಸರಾಸರಿ 28 ಮಿಲಿಮೀಟರ್ ಪೂರ್ವಕ್ಕೆ ಸರಿಯುವುದನ್ನು ಅಳೆದ. ಲಲ್ಲ ಕೇಳಿದ ಪ್ರಶ್ನೆ ಸರಿಯಾದದ್ದೇ. ಬಾಣ ಬೀಳುವ ದಿಕ್ಕೂ ಅವನು ಹೇಳಿದ್ದೇ. ತಪ್ಪಿದ್ದು ದೂರದ ಅಂದಾಜು, ಅದೂ ಲಕ್ಷಪಟ್ಟಿಗಿಂತ ಹೆಚ್ಚಾಗಿ. ಭೂಮಿ ತಿರುಗುತ್ತಿಲ್ಲ ಎನ್ನುವುದಕ್ಕೆ ಅವನು ತಂದಂಥ ಸಾಕ್ಷ್ಯವನ್ನೇ ಸಾವಿರ ವರ್ಷದ ಮೇಲೆ ಸೂಕ್ಷ್ಮವಾಗಿ ಅಳೆದಾಗ ಅದು ಭೂಮಿ ತಿರುಗುತ್ತಿದೆ ಎಂದೇ ನುಡಿಯಿತು.

ಮೋಡದ ಸಾಕ್ಷ್ಯ ಇನ್ನೂ ಹಿರಿದಾದದ್ದು, ಏಕೆಂದರೆ ಅದನ್ನು ನೋಡುವುದಕ್ಕೆ ಗಣಿಯೂ ಬೇಡ, ಸೂಕ್ಷ್ಮಯಂತ್ರವೂ ಬೇಡ. ಭೂಮಧ್ಯರೇಖೆಯ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗಿದರೆ, ಧ್ರುವದ ಕಡೆ ಹೋದಂತೆ ಆ ವೇಗ ತಗ್ಗುತ್ತಾ ಧ್ರುವದಲ್ಲಿ ಸೊನ್ನೆಯಾಗುತ್ತದೆ. ಆದ್ದರಿಂದ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೊರಟ ಗಾಳಿ ತನ್ನ ಹೆಚ್ಚಿನ ಪೂರ್ವವೇಗವನ್ನು ಉಳಿಸಿಕೊಂಡು, ಕೆಳಗಿನ ನೆಲವನ್ನು ಹಿಂದಿಕ್ಕಿ, ಪೂರ್ವಕ್ಕೆ, ಎಂದರೆ ತನ್ನ ಬಲಗಡೆಗೆ ವಾಲುತ್ತದೆ. ಪೂರ್ವಕ್ಕೇ ಹೊರಟ ಗಾಳಿಯಾದರೆ ನೆಲಕ್ಕಿಂತ ಬೇಗ ಸುತ್ತುವುದರಿಂದ ಅಕ್ಷದಿಂದ ಹೊರಕ್ಕೆ, ಎಂದರೆ ಭೂಮಧ್ಯರೇಖೆಯ ಕಡೆಗೆ ತಳ್ಳಲ್ಪಡುತ್ತದೆ, ಅದೂ ಬಲಗಡೆಯೇ. ಉತ್ತರಾರ್ಧಗೋಳದಲ್ಲಿ ಯಾವ ದಿಕ್ಕಿಗೆ ಹೊರಟರೂ ಬಲಕ್ಕೆ, ದಕ್ಷಿಣಾರ್ಧಗೋಳದಲ್ಲಿ ಎಡಕ್ಕೆ ಆಗುವ ಈ ವಾಲುವಿಕೆಗೆ ಕೊರಿಯೊಲಿಸ್ ಪರಿಣಾಮ ಎನ್ನುತ್ತಾರೆ. ಗಾಳಿಗಳ ಮೇಲೆ ಭೂಭ್ರಮಣದ ಪ್ರಭಾವವನ್ನು 1735ರಲ್ಲೇ ಜಾರ್ಜ್ ಹ್ಯಾಡ್ಲಿ ಹೇಳಿದ್ದನಾದರೂ, ತಿರುಗುವ ಯಂತ್ರಗಳನ್ನು ಕುರಿತು 1835ರಲ್ಲಿ ಪ್ರಬಂಧ ಬರೆದ ಫ್ರಾನ್ಸಿನ ಗಾಸ್ಪಾರ್ ಕೊರಿಯೊಲಿಸ್‌ನ ಹೆಸರೇ ಉಳಿದುಕೊಂಡಿತು. ಪರಿಣಾಮ ಬಹಳ ದುರ್ಬಲವಾದದ್ದು: ತಗಡೂರಿನ ಅಕ್ಷಾಂಶದಲ್ಲಿ ಸೆಕೆಂಡಿಗೆ 15 ಮೀಟರ್ ವೇಗದ ಗಾಳಿಯ ಮೇಲೆ ಅದರ ಒತ್ತು ಗುರುತ್ವದ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಇಲ್ಲ. ಅದು ಗಾಳಿಯ ಶಕ್ತಿಯನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ, ದಿಕ್ಕನ್ನಷ್ಟೇ ತಿರುಗಿಸುತ್ತದೆ. ಆದರೆ ದಿನಗಟ್ಟಲೆ, ಸಾವಿರಾರು ಕಿಲೋಮೀಟರ್ ಸಾಗುವ ಗಾಳಿಯ ಮೇಲೆ ಬಿಡದೆ ಒತ್ತುವುದರಿಂದ, ಕೊನೆಗೆ ಗಾಳಿಯ ದಾರಿಯನ್ನೇ ನಿರ್ಣಯಿಸುತ್ತದೆ. ಇದನ್ನು ಮರೆತವರು ಸಂಗಮದ ಸುಳಿ ಯಾವ ಕಡೆ ತಿರುಗುತ್ತದೆ ಎಂಬುದನ್ನೂ ಭೂಭ್ರಮಣದ ಲೆಕ್ಕಕ್ಕೆ ಹಾಕುವುದುಂಟು. ಕೆಲವೇ ಅಡಿ ಅಗಲದ, ಕೆಲವೇ ಸೆಕೆಂಡಿನ ಸುಳಿಯ ದಿಕ್ಕನ್ನು ನಿರ್ಧರಿಸುವುದು ಎರಡು ನದಿಗಳ ಸೆಳೆತ ಮತ್ತು ತಳದ ಬಂಡೆಗಳೇ ಹೊರತು ಭೂಮಿಯ ಸುತ್ತಲ್ಲ.

ಮುಂಗಾರಿನ ಹುಟ್ಟು ಇರುವುದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ಅಲ್ಲಿಂದ ವಾಯವ್ಯದ ಕಡೆಗೆ ಹೊರಟ ಗಾಳಿ ಪೂರ್ವ ಆಫ್ರಿಕದ ಕರಾವಳಿಯ ಬಳಿ ಭೂಮಧ್ಯರೇಖೆಯನ್ನು ದಾಟುತ್ತದೆ. ದಾಟಿದೊಡನೆ ಅದಕ್ಕೆ ಎಡದ ವಾಲಿಕೆ ತಪ್ಪಿ ಬಲದ ವಾಲಿಕೆ ಒದಗುತ್ತದೆ. ಆಫ್ರಿಕದ ಎತ್ತರದ ನೆಲ ಒಂದು ಕಡೆ ಅಡ್ಡಗಟ್ಟಿ, ಭೂಭ್ರಮಣ ಇನ್ನೊಂದು ಕಡೆ ತಿರುವಿ, ಆ ಗಾಳಿ ಅರಬ್ಬೀ ಸಮುದ್ರದ ಮೇಲೆ ನೈಋತ್ಯದ ಗಾಳಿಯಾಗಿ ನುಗ್ಗುತ್ತದೆ. ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತಿ ರಭಸವಾಗಿರುವ ಈ ಪ್ರವಾಹದ ಸ್ವರೂಪವನ್ನು 1969ರಲ್ಲಿ ಫಿಂಡ್‌ಲೇಟರ್ ಎಂಬ ಹವಾಮಾನತಜ್ಞ ವಿವರಿಸಿದ. ಅದು ಪಶ್ಚಿಮಘಟ್ಟಕ್ಕೆ ಬಡಿದು ಮಳೆಯ ಬಹುಪಾಲನ್ನು ಅಲ್ಲೇ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರುವ ಮಳೆ ಘಟ್ಟದ ಮರೆಯಲ್ಲಿರುವ ಮೈಸೂರು ಬಯಲಿಗೆ ಬರುವಾಗ ಅದರ ಹತ್ತನೆಯ ಒಂದು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ತಗಡೂರಿನ ಹೊಲದಲ್ಲಿ ಆಷಾಢದ ಗಾಳಿಗೆ ಧೂಳು ಏಳುತ್ತಿರುವಾಗಲೇ ವಯನಾಡಿನಲ್ಲಿ ಸುರಿದ ಮಳೆಗೆ ಕಪಿಲೆ ತುಂಬಿ ಬರುವುದು ಇದರಿಂದಲೇ. 2019ರ ಆಗಸ್ಟಿನಲ್ಲಿ ನಂಜನಗೂಡಿನ ಸ್ನಾನಘಟ್ಟವೂ ಹದಿನಾರು ಕಾಲು ಮಂಟಪವೂ ಮುಳುಗುವಂತೆ ಹೊಳೆ ಏರಿದ್ದು, ಭೂಮಧ್ಯರೇಖೆಯ ಆಚೆಯಿಂದ ಹೊರಟು ದಾರಿಯಲ್ಲಿ ಬಲಕ್ಕೆ ತಿರುಗಿದ ಗಾಳಿ ಹೊತ್ತು ತಂದ ನೀರಿನಿಂದ.

ಆಷಾಢದಲ್ಲಿ ಈ ಬಯಲಿನ ಮಕ್ಕಳು ಗಾಳಿಪಟ ಹಾರಿಸುತ್ತಾರೆ. ಪಟ ಹಾರಿಸುವವರು ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ದಾರ ಬಿಗಿದು ಪಟ ಮೂಡಲಿಗೆ, ತುಸು ಈಶಾನ್ಯಕ್ಕೆ ವಾಲಿ ನಿಲ್ಲುತ್ತದೆ. ಹಾಗೆ ನಿಂತಲ್ಲೇ ಎಡಗೈಯನ್ನು ಪಕ್ಕಕ್ಕೆ ಚಾಚಿದರೆ ಅದು ಉತ್ತರವನ್ನು ತೋರಿಸುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಭಾರತದ ಮೇಲೆ ವಾಯುವಿನ ಒತ್ತಡ ಅತಿ ಕಡಿಮೆಯಿರುವ ಪಟ್ಟಿ ರಾಜಸ್ಥಾನದಿಂದ ಗಂಗೆಯ ಬಯಲಿನ ಮೇಲೆ ಹಾದು ಬಂಗಾಳ ಕೊಲ್ಲಿಯವರೆಗೆ ಹರಡಿರುತ್ತದೆ. ಅದು ತಗಡೂರಿಗೆ ಉತ್ತರದಲ್ಲಿದೆ. ಗಾಳಿ ಒತ್ತಡ ಹೆಚ್ಚಿರುವಲ್ಲಿಂದ ಕಡಿಮೆಯಿರುವ ಕಡೆಗೆ ಹರಿಯಬೇಕು ಎಂಬುದಷ್ಟೇ ನಿಯಮವಾಗಿದ್ದರೆ ಗಾಳಿ ಉತ್ತರಕ್ಕೆ ಬೀಸಬೇಕಾಗಿತ್ತು, ಪಟವೂ ಉತ್ತರಕ್ಕೆ ಹಾರಬೇಕಾಗಿತ್ತು. ಪಟ ಮೂಡಲಿಗೆ ಹಾರುತ್ತಿದೆ, ಏಕೆಂದರೆ ಭೂಭ್ರಮಣ ಆ ಗಾಳಿಯನ್ನು ಬಲಕ್ಕೆ ತಿರುಗಿಸಿದೆ. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತವರ ಎಡಕ್ಕೆ ಕಡಿಮೆ ಒತ್ತಡವಿರುತ್ತದೆ ಎಂಬ ಈ ನಿಯಮವನ್ನು 1857ರಲ್ಲಿ ಹಾಲೆಂಡಿನ ಬಾಯ್ಸ್ ಬ್ಯಾಲಟ್ ಪ್ರಕಟಿಸಿದ. ಹಿಂಗಾರಿನಲ್ಲಿ ಈಶಾನ್ಯದ ಗಾಳಿಗೆ ಬೆನ್ನು ಕೊಟ್ಟು ನಿಂತಾಗಲೂ ಇದೇ ಸರಿಹೋಗುತ್ತದೆ. ಆಗ ಎಡಗೈ ಆಗ್ನೇಯಕ್ಕೆ, ದಕ್ಷಿಣ ಬಂಗಾಳ ಕೊಲ್ಲಿಯ ಕಡೆಗೆ ಚಾಚಿರುತ್ತದೆ, ಚಂಡಮಾರುತಗಳು ಹುಟ್ಟುವ ಕಡಿಮೆ ಒತ್ತಡ ಇರುವುದೂ ಅಲ್ಲೇ. ಆ ಚಂಡಮಾರುತಗಳು ನಮ್ಮ ಗೋಳಾರ್ಧದಲ್ಲಿ ಅಪ್ರದಕ್ಷಿಣವಾಗಿಯೇ ಸುತ್ತುತ್ತವೆ, ಭೂಮಧ್ಯರೇಖೆಯ ಆಚೆ ಪ್ರದಕ್ಷಿಣವಾಗಿ. ರೇಖೆಯ ತೀರ ಹತ್ತಿರ, ಭೂಭ್ರಮಣದ ಈ ಒತ್ತು ಇಲ್ಲದಂತಾಗುವಲ್ಲಿ, ಅವು ಹುಟ್ಟುವುದೇ ಅಪರೂಪ. ನೆಲದ ಉಜ್ಜುವಿಕೆ, ಗುಡ್ಡಗಳ ಅಡ್ಡಿ ಇವುಗಳಿಂದ ಗಾಳಿಯ ದಿಕ್ಕು ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆಗುವುದುಂಟು. ಆದ್ದರಿಂದ ಒಂದು ಪಟ ಒಂದು ದಿನ ತೋರಿಸಿದ್ದನ್ನೇ ಸಿದ್ಧಾಂತ ಎನ್ನಲಾಗದು. ಒಂದು ಇದ್ದಲ್ಲಿ ಇನ್ನೊಂದು ತಪ್ಪದೆ ಇರುತ್ತದೆ ಎಂಬ ನಂಟಿಗೆ ತರ್ಕಶಾಸ್ತ್ರದಲ್ಲಿ ವ್ಯಾಪ್ತಿ ಎಂದು ಹೆಸರು. ಆ ವ್ಯಾಪ್ತಿ ಸಿದ್ಧವಾಗಬೇಕಾದರೆ ಹಲವು ಊರುಗಳಲ್ಲಿ, ಹಲವು ಋತುಗಳಲ್ಲಿ ಒತ್ತಡವನ್ನೂ ಗಾಳಿಯನ್ನೂ ಅಳೆದಿರಬೇಕು. 1875ರಲ್ಲಿ ಸ್ಥಾಪನೆಯಾದ ಭಾರತದ ಹವಾಮಾನ ಇಲಾಖೆ ಆ ಕೆಲಸವನ್ನು ಅಂದಿನಿಂದಲೂ ಮಾಡುತ್ತಾ ಬಂದಿದೆ.

ಇದೇ ಬಯಲಿನ ಆಕಾಶದಲ್ಲಿ ಲಲ್ಲ ಕಾಣದಿದ್ದ ಇನ್ನೊಂದು ನೋಟವಿದೆ. ಮುಂಗಾರಿನ ದಿನಗಳಲ್ಲಿ ಕೆಳಗಿನ ಮೋಡಗಳು ಮೂಡಲಿಗೆ ಓಡುತ್ತಿರುವಾಗ ಅವುಗಳ ನಡುವೆ ಕಿಂಡಿ ಬಿದ್ದರೆ, ಬಹಳ ಎತ್ತರದಲ್ಲಿ ತೆಳ್ಳಗೆ ಎಳೆಯೆಳೆಯಾಗಿ ಹರಡಿದ ಮೋಡಗಳು ಪಡುವಲಿಗೆ ಸಾಗುವುದನ್ನು ತಾಳ್ಮೆಯಿಂದ ನೋಡಿದವರು ಗುರುತಿಸಬಹುದು. ಟಿಬೆಟಿನ ಎತ್ತರದ ನೆಲ ಕಾಯುವುದರಿಂದಲೂ ಭೂಭ್ರಮಣದಿಂದಲೂ ಸುಮಾರು 14-15 ಕಿಲೋಮೀಟರ್ ಎತ್ತರದಲ್ಲಿ ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿ ಬೀಸುತ್ತದೆ. ಭಾರತದ ಹವಾಮಾನತಜ್ಞ ಪಿ. ಕೋಟೇಶ್ವರಂ ಅದನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದರು. ಭೂಮಿ ತಿರುಗಿದರೆ ಮೋಡಗಳು ಪಶ್ಚಿಮಕ್ಕೆ ಮಾತ್ರ ಹೋಗಬೇಕು ಎಂದು ಲಲ್ಲ ವಾದಿಸಿದ; ಭೂಮಿ ತಿರುಗುವುದರಿಂದಲೇ ಒಂದೇ ಹೊಲದ ಮೇಲೆ ಒಂದೇ ಗಳಿಗೆಯಲ್ಲಿ ಕೆಳಗಿನ ಮೋಡ ಪೂರ್ವಕ್ಕೂ ಮೇಲಿನ ಮೋಡ ಪಶ್ಚಿಮಕ್ಕೂ ಹೋಗುತ್ತಿವೆ.

ಈ ಸಾಕ್ಷ್ಯ ದೋಣಿಯ ದೃಷ್ಟಾಂತಕ್ಕಿಂತ ಬಲವಾದದ್ದು ಏಕೆ ಎಂಬುದನ್ನು ಗಮನಿಸಬೇಕು. ದೋಣಿಯ ವಾದ ನಡೆಯಬೇಕಾದರೆ ದಡ ಕಾಣಬೇಕು, ಭೂಮಿಯ ಮಟ್ಟಿಗೆ ನಕ್ಷತ್ರ ಕಾಣಬೇಕು. ಮೋಡ ಮುಚ್ಚಿ ವಾರಗಟ್ಟಲೆ ನಕ್ಷತ್ರವೇ ಕಾಣದಿದ್ದರೂ ಗಾಳಿಯ ವಾಲಿಕೆ ಇದ್ದೇ ಇರುತ್ತದೆ. 1851ರಲ್ಲಿ ಫ್ರಾನ್ಸಿನ ಲಿಯಾನ್ ಫೂಕೊ ಪ್ಯಾರಿಸಿನಲ್ಲಿ 67 ಮೀಟರ್ ಉದ್ದದ ತಂತಿಗೆ 28 ಕಿಲೋ ತೂಕದ ಗುಂಡು ಕಟ್ಟಿ ತೂಗಿಬಿಟ್ಟ ಲೋಲಕವೂ ಹಾಗೆಯೇ: ಮುಚ್ಚಿದ ಕೋಣೆಯೊಳಗೆ ಅದರ ತೂಗಾಟದ ದಿಕ್ಕು ತಾನಾಗಿ ನಿಧಾನವಾಗಿ ಪ್ರದಕ್ಷಿಣವಾಗಿ ತಿರುಗುತ್ತದೆ. ದೆಹಲಿಯ ಹೊಸ ಸಂಸತ್ ಭವನದಲ್ಲಿ ತೂಗಿರುವ ಅಂಥ ಲೋಲಕಕ್ಕೆ ಒಂದು ಸುತ್ತು ಬರಲು ಸುಮಾರು 50 ಗಂಟೆ ಬೇಕು. ತಗಡೂರಿನಲ್ಲಿ ತೂಗಿದರೆ ಸುಮಾರು 115 ಗಂಟೆ, ಎಂದರೆ ನಾಲ್ಕೂಮುಕ್ಕಾಲು ದಿನ ಹಿಡಿಯುತ್ತದೆ. ನಿಂತದ್ದು ಯಾವುದು, ತಿರುಗುವುದು ಯಾವುದು ಎಂಬುದನ್ನು ಹೊರಗೆ ನೋಡದೆಯೇ ತಿಳಿಯಲು ಇದರಿಂದ ದಾರಿಯಾಯಿತು.

ಹೀಗಿದ್ದೂ ಭೌತಶಾಸ್ತ್ರದ ಪುಸ್ತಕಗಳು ಕೊರಿಯೊಲಿಸ್ ಬಲವನ್ನು ಮಿಥ್ಯಾಬಲ ಎನ್ನುತ್ತವೆ, ಏಕೆಂದರೆ ಆ ಬಲವನ್ನು ಹೂಡುವ ವಸ್ತು ಯಾವುದೂ ಇಲ್ಲ; ಹೊರಗಿನಿಂದ, ನಕ್ಷತ್ರಗಳ ನೆಲೆಯಿಂದ ನೋಡಿದರೆ ಅಲ್ಲಿ ಅಂಥ ಬಲವೇ ಇಲ್ಲ, ಗಾಳಿಯ ಕೆಳಗೆ ನೆಲ ತಿರುಗುತ್ತಿರುತ್ತದೆ ಅಷ್ಟೆ. ಈ ಹೆಸರನ್ನು ಕೇಳಿ ಮಳೆಗಾಳಿಯೂ ಮಾಯೆ ಎಂದು ವಿಜ್ಞಾನವೇ ಒಪ್ಪಿತು ಎನ್ನುವವರಿದ್ದಾರೆ. ಆ ಮಾತು ಜಗತ್ತನ್ನು ಮಾಯೆ ಎನ್ನುವ ಅದ್ವೈತಕ್ಕೂ ನ್ಯಾಯ ಸಲ್ಲಿಸುವುದಿಲ್ಲ. ಹಾವೆಂದು ಕಂಡದ್ದು ಹಗ್ಗ ಎಂದು ತಿಳಿದೊಡನೆ ಹಾವು ಇಲ್ಲವಾಗುತ್ತದೆ. ಭೂಭ್ರಮಣ ತಿಳಿದೊಡನೆ ಗಾಳಿಪಟ ಉತ್ತರಕ್ಕೆ ತಿರುಗಿ ನಿಲ್ಲುವುದಿಲ್ಲ. ಅದ್ವೈತಿಗಳೇ ಇಂಥದಕ್ಕೆ ಬೇರೊಂದು ವರ್ಗವನ್ನು ಹೇಳಿದ್ದಾರೆ: ದಾಸವಾಳದ ಬಳಿಯಿಟ್ಟ ಸ್ಫಟಿಕ ಕೆಂಪಲ್ಲ ಎಂದು ತಿಳಿದ ಮೇಲೂ ಹೂವು ಅಲ್ಲಿರುವ ತನಕ ಕೆಂಪಾಗಿಯೇ ಕಾಣುತ್ತದೆ, ಹೀಗೆ ಪಕ್ಕದ ನಿಮಿತ್ತ ಇರುವವರೆಗೂ ಹೋಗದ ತೋರಿಕೆಯನ್ನು ಅವರು ಸೋಪಾಧಿಕ ಎಂದರು. ಸೂರ್ಯೋದಯದ ನೋಟ ಆ ವರ್ಗಕ್ಕೆ ಸೇರಬಹುದು. ಗಾಳಿಯ ವಾಲಿಕೆ ಅಲ್ಲಿಗೂ ಪೂರ್ತಿ ಸೇರುವುದಿಲ್ಲ, ಏಕೆಂದರೆ ಸ್ಫಟಿಕದ ಕೆಂಪು ಯಾವ ಹೊಳೆಯನ್ನೂ ತುಂಬಿಸದು.

ಇಲ್ಲಿ ಹೆಚ್ಚು ನೆರವಿಗೆ ಬರುವುದು ಜೈನರ ನಯವಾದ. ಗಂಗರ ದೊರೆ ದುರ್ವಿನೀತನ ಗುರುವೆಂದು ಪರಂಪರೆ ಹೇಳುವ ಪೂಜ್ಯಪಾದರು, ‘ತತ್ತ್ವಾರ್ಥಸೂತ್ರ’ಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನದಲ್ಲಿ, ವಸ್ತುವನ್ನು ಅರಿಯುವುದಕ್ಕೆ ಪ್ರಮಾಣದ ಜೊತೆಗೆ ನಯವೂ ಬೇಕು ಎಂಬುದನ್ನು ವಿವರಿಸಿದ್ದಾರೆ. ಹಲವು ಮುಖಗಳುಳ್ಳ ವಸ್ತುವಿನ ಒಂದು ಮುಖವನ್ನು, ಉಳಿದವನ್ನು ಅಲ್ಲಗಳೆಯದೆ, ಒಂದು ನೆಲೆಯಿಂದ ಹೇಳುವುದು ನಯ. ಉಳಿದ ಮುಖಗಳೇ ಇಲ್ಲವೆಂದು ಹಟ ಹಿಡಿದರೆ ಅದು ನಯಾಭಾಸ, ಎಂದರೆ ನಯದಂತೆ ಕಾಣುವ ದೋಷ. ಭೂಮಿಯ ನೆಲೆಯಿಂದ ಬಲವಿದೆ, ನಕ್ಷತ್ರದ ನೆಲೆಯಿಂದ ಇಲ್ಲ. ಎರಡು ನೆಲೆಯಿಂದ ಲೆಕ್ಕ ಹಾಕಿದರೂ ಪಟ ನಿಲ್ಲುವ ಜಾಗ ಒಂದೇ ಬರುತ್ತದೆ. ಆದರೆ ಇದನ್ನು ಹಿಡಿದು ಭೂಮಿ ತಿರುಗುತ್ತದೆ, ಆಕಾಶ ತಿರುಗುತ್ತದೆ ಎಂಬ ಎರಡು ಮಾತೂ ಸರಿಸಮ ಎಂದರೆ ಅದು ಆತುರದ ತೀರ್ಮಾನ. ನಿಂತ ಭೂಮಿಯ ನೆಲೆಯಲ್ಲಿ ಒಡೆಯನಿಲ್ಲದ ಬಲಗಳನ್ನು ಸೇರಿಸಿಕೊಳ್ಳದೆ ಲೆಕ್ಕ ಹೊಂದುವುದಿಲ್ಲ. ಧ್ರುವದ ಕಡೆಗಿಂತ ಭೂಮಧ್ಯರೇಖೆಯ ಕಡೆ ಭೂಮಿಯ ತ್ರಿಜ್ಯ ಸುಮಾರು 21 ಕಿಲೋಮೀಟರ್ ಹೆಚ್ಚಾಗಿ ಉಬ್ಬಿರುವುದಕ್ಕೂ ಬೇರೆ ಕಾರಣ ಹುಡುಕಬೇಕಾಗುತ್ತದೆ. ತಿರುಗುವಿಕೆ ಇಂಥ ಬಲಗಳಿಂದಲೇ ತಾನಾಗಿ ಗೊತ್ತಾಗುತ್ತದೆ ಎಂದು ನ್ಯೂಟನ್ ವಾದಿಸಿದ. ಇಡೀ ನಕ್ಷತ್ರಲೋಕವೇ ಸುತ್ತಿದ್ದರೆ ಇದೇ ಬಲಗಳು ಅದರಿಂದ ಹುಟ್ಟುತ್ತಿರಲಿಲ್ಲ ಎಂದು ಹೇಳುವುದಕ್ಕೆ ಆಧಾರವೇನು ಎಂದು 1883ರಲ್ಲಿ ಅರ್ನ್ಸ್ಟ್ ಮಾಖ್ ಮರುಪ್ರಶ್ನೆ ಹಾಕಿದ. ಆ ವಾದ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ಇನ್ನು ಮೊದಲಿನ ತೊಡಕು: ಇಷ್ಟೆಲ್ಲ ಅನುಮಾನ, ಎಂದರೆ ಕಂಡ ಗುರುತಿನಿಂದ ಕಾಣದ್ದನ್ನು ತಿಳಿಯುವ ಪ್ರಮಾಣ, ಪ್ರತ್ಯಕ್ಷವನ್ನು ಸೋಲಿಸಿತೇ? ಬನ್ನೂರಿನಲ್ಲಿ ಹುಟ್ಟಿ, ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿ, 1539ರಲ್ಲಿ ತೀರಿಕೊಂಡ ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಈ ಬಗೆಯ ಪ್ರಶ್ನೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕಣ್ಣಿಗೆ ಗೇಣುದ್ದ ಕಾಣುವ ಚಂದ್ರ ಶಾಸ್ತ್ರದ ಪ್ರಕಾರ ಬಹು ದೊಡ್ಡವನಾದ್ದರಿಂದ ಪ್ರತ್ಯಕ್ಷಕ್ಕೆ ಬಾಧೆಯುಂಟು, ಎಂದರೆ ಬೇರೆ ಅರಿವಿನಿಂದ ಅದು ಸುಳ್ಳಾಗುವುದುಂಟು, ಆದ್ದರಿಂದ ಜಗತ್ತಿನ ಸತ್ಯತ್ವವನ್ನು ಹೇಳುವ ಪ್ರತ್ಯಕ್ಷವೂ ಬಾಧಿತವಾಗಬಹುದು ಎಂಬುದು ಎದುರುಪಕ್ಷವಾದ ಅದ್ವೈತದ ವಾದ. ವ್ಯಾಸತೀರ್ಥರ ದ್ವೈತಪಕ್ಷದ ಉತ್ತರದ ತಿರುಳು ಹೀಗಿದೆ: ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆ ಎಂಬ ದೋಷವನ್ನು ತಿಳಿಸಿಕೊಟ್ಟದ್ದೇ ಹತ್ತಿರ ಹೋಗಿ ನೋಡಿದ ಇನ್ನೊಂದು ಪ್ರತ್ಯಕ್ಷ, ಅನುಮಾನಕ್ಕೆ ಪ್ರತ್ಯಕ್ಷವೇ ಉಪಜೀವ್ಯ, ಎಂದರೆ ಅದು ಬದುಕುವುದೇ ಇದನ್ನು ನೆಚ್ಚಿಕೊಂಡು, ತಾನು ನೆಚ್ಚಿದ್ದನ್ನೇ ಕೊಲ್ಲುವ ಅನುಮಾನ ತಾನೂ ಉಳಿಯುವುದಿಲ್ಲ.

ಭೂಭ್ರಮಣದ ಕಥೆಗೆ ಈ ನಿಯಮ ಅಕ್ಷರಶಃ ಅನ್ವಯಿಸುತ್ತದೆ. ಪಟದ ದಾರ, ಗಣಿಯ ಗುಂಡು, ಲೋಲಕದ ತೂಗಾಟ, ಒತ್ತಡಮಾಪಕದ ಪಾದರಸ, ಇವೆಲ್ಲ ಕಣ್ಣಿನಿಂದ ಕಂಡ ಸಂಗತಿಗಳೇ. ಇವುಗಳ ಹೊರತು ಭೂಭ್ರಮಣದ ಅನುಮಾನಕ್ಕೆ ಕಾಲೂರಲು ನೆಲವಿಲ್ಲ. ನೆಲ ನಿಂತಿದೆ ಎಂದಾಗ ಕಣ್ಣು ಕಂಡದ್ದು ನೋಡುವವನಿಗೂ ನೆಲಕ್ಕೂ ನಡುವೆ ಚಲನೆಯಿಲ್ಲ ಎಂಬುದನ್ನಷ್ಟೆ, ಮತ್ತು ಅದು ಪೂರ್ತಿ ನಿಜ. ಯಾವುದಕ್ಕೂ ಹೋಲಿಸದೆ ನೆಲ ನಿಂತೇ ಇದೆ ಎಂಬುದನ್ನು ಕಣ್ಣು ಎಂದೂ ಕಂಡಿರಲಿಲ್ಲ. ಅದು ಬುದ್ಧಿ ತಾನಾಗಿ ಸೇರಿಸಿದ ಮಾತು. ಬಾಧೆಯಾದದ್ದು ಆ ಸೇರಿಸಿದ ಮಾತಿಗೆ, ಕಂಡದ್ದಕ್ಕಲ್ಲ. ಆರ್ಯಭಟನ ಪರವಾಗಿ ನಿಲ್ಲುವುದಕ್ಕೆ ಜಗತ್ತನ್ನು ತೋರಿಕೆ ಎನ್ನಬೇಕಾಗಿಲ್ಲ. ವ್ಯಾಸತೀರ್ಥರಂತೆ ಪ್ರತ್ಯಕ್ಷವನ್ನು ಎತ್ತಿಹಿಡಿಯುವುದಕ್ಕೆ ಭೂಮಿಯನ್ನು ನಿಲ್ಲಿಸಬೇಕಾಗಿಯೂ ಇಲ್ಲ. ಹೀಗೆ ಹೇಳುವಾಗ ಪೂಜ್ಯಪಾದರಾಗಲಿ ವ್ಯಾಸತೀರ್ಥರಾಗಲಿ ಭೂಭ್ರಮಣವನ್ನು ಬೋಧಿಸಿದರು ಎಂದು ಅರ್ಥ ಮಾಡಬಾರದು. ಅವರಿಂದ ಇಲ್ಲಿ ಎರವಲು ಪಡೆದಿರುವುದು ವಿಚಾರದ ಕ್ರಮವನ್ನು ಮಾತ್ರ. ಸೂರ್ಯ ನಿಜವಾಗಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ ಎಂಬ ಆಶಯ ‘ಐತರೇಯ ಬ್ರಾಹ್ಮಣ’ದಲ್ಲಿದೆ ಎಂಬುದೂ ನಿಜ, ಅದರಿಂದ ಭೂಭ್ರಮಣ ವೇದಸಿದ್ಧ ಎಂದು ಸಾರುವುದು ಗ್ರಂಥಕ್ಕೆ ಇಲ್ಲದ ಹೊರೆ ಹೊರಿಸಿದಂತೆ, ಹಿಂದೆ ಪಾಠ ತಿದ್ದಿದವರು ಮಾಡಿದ್ದನ್ನೇ ಇನ್ನೊಂದು ದಿಕ್ಕಿನಿಂದ ಮಾಡಿದಂತೆ.

ಮಳೆ ಹೋದಾಗ ಪರ್ಜನ್ಯಜಪ ಮಾಡಿಸುವ ಊರುಗಳಿಗೆ ಈ ವಿಚಾರದಿಂದ ಆಗಬೇಕಾದ ಆತಂಕವೂ ಇಲ್ಲ. ಗಾಳಿ ಬಲಕ್ಕೆ ವಾಲುವ ಕಾರಣ ತಿಳಿದರೆ ಮಳೆಯ ಬಗೆಗಿನ ಕೃತಜ್ಞತೆ ಕುಂದಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಕಾರಣ ತಿಳಿಯದಿದ್ದರೇ ಭಕ್ತಿ ಉಳಿಯುತ್ತದೆ ಎನ್ನುವುದು ಭಕ್ತಿಯನ್ನೇ ಕಡೆಗಣಿಸುವ ಮಾತು. ಆಗಬೇಕಾದ ಕೆಲಸ ಬೇರೆಯಿದೆ. ಶಾಲೆಯ ಪುಸ್ತಕಗಳು ಆರ್ಯಭಟನ ಹೆಸರನ್ನು ಹೆಮ್ಮೆಯಿಂದ ಹೇಳುತ್ತವೆ, ಲಲ್ಲನನ್ನು ಬಿಟ್ಟುಬಿಡುತ್ತವೆ. ಇದರಿಂದ ಮಕ್ಕಳಿಗೆ ದೊರೆಯುವುದು ಶಬ್ದಪ್ರಮಾಣವೊಂದೇ. ತಗಡೂರು, ನಂಜನಗೂಡು, ನರಸೀಪುರದ ಶಾಲೆಗಳ ಅಧ್ಯಾಪಕರು ಭೂಭ್ರಮಣದ ಪಾಠಕ್ಕೆ ಬಂದಾಗ ಲಲ್ಲನ ಬಾಣವನ್ನೂ ಮೋಡವನ್ನೂ ಪೂರ್ತಿ ಗೌರವದಿಂದ ಮಕ್ಕಳ ಮುಂದಿಟ್ಟು, ಉತ್ತರ ಹೇಳುವ ಮೊದಲು ಆಷಾಢದಲ್ಲಿ ಒಂದು ಮಧ್ಯಾಹ್ನ ಅವರನ್ನು ಬಯಲಿಗೆ ಕರೆದೊಯ್ದು, ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ, ಎಡಗೈ ಚಾಚಲು ಹೇಳಿ, ಆ ದಿನದ ಹವಾಮಾನ ನಕ್ಷೆಯನ್ನು ಕೈಗೆ ಕೊಡಬೇಕು.